ಆಟ ಉಳಿಯಬೇಕಾದರೆ ಮರ ಉಳಿಯಬೇಕು



ಮ್ಯೂಸಿಯಂ ಅಂದ ಕೂಡಲೇ ನೆನಪಾಗುವುದು ಗಾಜಿನ ಪೆಟ್ಟಿಗೆ, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ. ಸಾಲು ಬಿಡಬೇಡಿ, ಗಲಾಟೆ ಮಾಡಬೇಡಿ ಅಂತ ಹೇಳಿ ಹೇಳಿಯೇ ಮೇಷ್ಟ್ರ ಗಂಟಲು ಒಣಗಿರುತ್ತದೆ. ಅಂಥ ಜಾಗ ಮಕ್ಕಳನ್ನು ಬಿಸಿಲಿಗೆ, ಮಣ್ಣಿಗೆ, ಮರಕ್ಕೆ ಕಳಿಸೀತೇ? ಕಳಿಸಬೇಕು ಅನ್ನುವುದೇ ಇವತ್ತಿನ ನನ್ನ ಮಾತು.

ಗೋಡೆ ದಾಟಿದ ಮ್ಯೂಸಿಯಂಗಳು ಇಲ್ಲದೇ ಇಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ಥರ್ ಹಜೇಲಿಯಸ್ ಎಂಬಾತ 1891ರಲ್ಲೇ ಹಳ್ಳಿಮನೆಗಳನ್ನು ಬಿಚ್ಚಿ ತಂದು ಗುಡ್ಡದ ಮೇಲೆ ಮತ್ತೆ ಕಟ್ಟಿ, ‘ಸ್ಕಾನ್ಸೆನ್’ ಎಂಬ ಬಯಲು ಮ್ಯೂಸಿಯಂ ಮಾಡಿದ. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ಮರಗಿಡಗಳ ನಡುವೆಯೇ ಹರಡಿಕೊಂಡಿದೆ. ಮೈಸೂರಿನಲ್ಲಿ 1995ರಲ್ಲಿ ಶುರುವಾದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇರುವುದು ಕಾರಂಜಿ ಕೆರೆಯ ದಂಡೆಯಲ್ಲಿ. ಒಳಗೆ ಹಕ್ಕಿಯ ಮಾದರಿ ನೋಡಿದ ಮಗು ಹೊರಗೆ ಬಂದು ನೀರಿನ ಮೇಲೆ ಹಾರುವ ಹಕ್ಕಿಯನ್ನೇ ನೋಡಬಹುದು. ಆ ಕೆರೆಯೂ ಮ್ಯೂಸಿಯಂನ ಒಂದು ಕೋಣೆಯೇ ಅಂತ ನಾನು ತಿಳಿಯುತ್ತೇನೆ.

ಈಗ ಆಟಕ್ಕೆ ಬರೋಣ. ಮರಕೋತಿಯನ್ನೇ ತಗೊಳ್ಳಿ. ಮರದ ಬುಡದಲ್ಲಿ ಒಂದು ವೃತ್ತ. ಒಬ್ಬ ಕಾಲೆತ್ತಿ, ತೊಡೆಯ ಕೆಳಗಿಂದ ಕೋಲನ್ನು ದೂರಕ್ಕೆ ಎಸೆಯುತ್ತಾನೆ. ಕಳ್ಳನಾದವನು ಓಡಿಹೋಗಿ ಅದನ್ನು ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಉಳಿದವರೆಲ್ಲ ಕೊಂಬೆಯ ಮೇಲೆ. ಅವನು ಯಾರನ್ನಾದರೂ ಮುಟ್ಟಬೇಕು, ಮೇಲಿನವರು ಅವನ ಕಣ್ಣು ತಪ್ಪಿಸಿ ಇಳಿದು ಕೋಲು ಮುಟ್ಟಬೇಕು. ಇದಕ್ಕೆ ನುಗ್ಗೆ ಮರ ಆಗುವುದಿಲ್ಲ, ಕೊಂಬೆ ಲಟಕ್ಕನೆ ಮುರಿಯುತ್ತದೆ. ಜಾಲಿಗೆ ಮುಳ್ಳು. ತೆಂಗಿಗೆ ಕೊಂಬೆಯೇ ಇಲ್ಲ. ಹುಣಸೆ ಬಾಗುತ್ತದೆ, ಬೇಗ ಮುರಿಯದು. ಆಲವಾದರೆ ಬಿಳಲು ಹಿಡಿದು ಜಾರಬಹುದು. ಯಾವ ಪಾಠವನ್ನೂ ಓದದೆ ಅಂಗೈ ಅಂಗಾಲಿನಲ್ಲೇ ಮಕ್ಕಳು ಮರಗಳ ಗುಣ ಕಲಿತದ್ದು ಹೀಗೆ.

ಆ ಕೋಲನ್ನು ಗಾಜಿನೊಳಗಿಟ್ಟು ಹೆಸರು ಬರೆದರೆ ಉಳಿಯುವುದು ಕೋಲು ಮಾತ್ರ. ಆಟ ಉಳಿಯಬೇಕಾದರೆ ಮರ ಉಳಿಯಬೇಕು. ಗುಂಡುತೋಪು ಹೋದ ಊರಿನಲ್ಲಿ ಮಕ್ಕಳು ಮೊಬೈಲ್ ಹಿಡಿದರು ಅಂತ ಬೈದು ಏನು ಬಂತು? ಅವರ ಆಟದ ಸಾಮಾನನ್ನು ಕಡಿದು ಮಾರಿದವರು ದೊಡ್ಡವರಲ್ಲವೇ?

ಮರವಷ್ಟೇ ಅಲ್ಲ, ಬಯಲೂ ಉಳಿಯಬೇಕು. ನಮ್ಮ ಸೀಮೆಯ ಕಾವಲುಗಳನ್ನೇ ನೋಡಿ. ಮೈಸೂರು ಅರಸರು ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲು ಇವು. ಆ ತಳಿಯ ಕೇಂದ್ರ ಅಜ್ಜಂಪುರದಲ್ಲಿ ಇವತ್ತಿಗೂ ಇದೆ. ನಮ್ಮ ಕಡೂರು ತಾಲ್ಲೂಕಿನದೇ ಆದ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಮರವಿಲ್ಲದ ಜಾಗ ಅಂದರೆ ಪಾಳುಭೂಮಿ ಅಂತಲೇ ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಆದರೆ ಕೃಷ್ಣಮೃಗಕ್ಕೆ ಬೇಕಾದ್ದು ದಟ್ಟ ಕಾಡಲ್ಲ, ದೂರದವರೆಗೆ ಕಣ್ಣು ಹಾಯುವ, ನಾಗಾಲೋಟಕ್ಕೆ ಅಡ್ಡಿಯಿಲ್ಲದ ಬಯಲು. ಅರಣ್ಯ ಇಲಾಖೆಯ ಅನುಮತಿ ಪಡೆದು, ದೂರದಲ್ಲೇ ನಿಂತು ಒಂದು ಹಿಂಡು ಓಡುವುದನ್ನು ನೋಡಿದ ಮಗುವಿಗೆ ಇದನ್ನು ಮತ್ತೆ ವಿವರಿಸಬೇಕಾಗಿಲ್ಲ.

ಹಾಗಾದರೆ ನಮ್ಮ ಊರು ಯಗಟಿಗೆ ಎಂಥ ಮ್ಯೂಸಿಯಂ ಬೇಕು? ಕಟ್ಟಡ ಬೇಡ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಬೀಗವಿಲ್ಲದ ಒಂದು ಬೀರು ಸಾಕು. ಗೀಜಗ ಬಿಟ್ಟುಹೋದ ಗೂಡು, ಹೊಂಗೆ ಬೀಜ, ಹಾವಿನ ಪೊರೆ, ಬಗೆಬಗೆಯ ಮಣ್ಣು ಅದರಲ್ಲಿರಲಿ. ಯಾರು ಬೇಕಾದರೂ ಮುಟ್ಟಲಿ. ಎಲ್ಲಿ ಸಿಕ್ಕಿತು, ಅಂಥದ್ದನ್ನು ಎಲ್ಲಿ ಹೋಗಿ ನೋಡಬಹುದು ಅಂತ ಪಕ್ಕದಲ್ಲಿ ಚೀಟಿ ಇರಲಿ. ಪುಸ್ತಕ ಎರವಲು ಕೊಡುವ ಹಾಗೆಯೇ ಬುಗುರಿ, ಚಿನ್ನಿದಾಂಡು, ಭೂತಗನ್ನಡಿಗಳನ್ನೂ ಕೊಡಲಿ. ತೆಂಗಿನ ಗರಿಯಲ್ಲಿ ಪೀಪಿ, ಗಿರಗಟ್ಟೆ ಮಾಡಲು ಬಲ್ಲ ಅಜ್ಜ ಅಜ್ಜಿಯರಿಗೆ ತಿಂಗಳಿಗೊಂದು ಭಾನುವಾರ ಕೊಡೋಣ. ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ಯುವಾಗ ಈಜು ಬಲ್ಲ ದೊಡ್ಡವರು ಜೊತೆಗಿರಲಿ. ಮಕ್ಕಳು ಕಂಡದ್ದನ್ನೆಲ್ಲ ಬರೆದಿಟ್ಟರೆ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಗೂ ಅದು ಒದಗುತ್ತದೆ.

ಬಿದ್ದು ಮಂಡಿ ತರಚಿಕೊಂಡರೆ ಅಂತ ತಾಯಂದಿರು ಕೇಳಬಹುದು. ಮಂಡಿ ವಾರದಲ್ಲಿ ಮಾಯುತ್ತದೆ. ಯಾವ ಕೊಂಬೆ ನಂಬಬೇಕು ಅನ್ನುವ ತಿಳಿವಳಿಕೆ ಆಯುಷ್ಯಪೂರ್ತಿ ಉಳಿಯುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಊರಿನ ಒಂದು ಹುಣಸೆ ಮರವನ್ನು ಮಕ್ಕಳೇ ಆರಿಸಲಿ. ಅದೇ ನಮ್ಮ ಮ್ಯೂಸಿಯಂನ ಮೊದಲ ವಸ್ತು. ಅದಕ್ಕೆ ಕೊಡಲಿ ಬೀಳಬಾರದು ಅಂತ ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸೋಣ. ಬೀರು ಆಮೇಲೆ ಬಂದರೂ ನಡೆಯುತ್ತದೆ.