ನೆಲದಡಿಯ ಸಂಪತ್ತು, ನೆಲದ ಮೇಲಿನ ಬಡತನ



ಭಾರತದ ಖನಿಜ ನಕ್ಷೆಯನ್ನೂ ಬಡತನದ ನಕ್ಷೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. ದೇಶದ ಕಲ್ಲಿದ್ದಲು ನಿಕ್ಷೇಪದ ಬಹುಪಾಲು ಒಡಿಶಾ, ಜಾರ್ಖಂಡ್ ಮತ್ತು ಛತ್ತೀಸ್‌ಗಢಗಳ ನೆಲದಡಿಯಲ್ಲಿದೆ. ಉತ್ತಮ ದರ್ಜೆಯ ಕಬ್ಬಿಣದ ಅದಿರೂ ಅಲ್ಲಿದೆ. ಆದರೆ ನೀತಿ ಆಯೋಗವು 2023ರಲ್ಲಿ ಪ್ರಕಟಿಸಿದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ, ಬಡವರ ಪ್ರಮಾಣ ಅತಿ ಹೆಚ್ಚಿರುವ ರಾಜ್ಯಗಳ ಪೈಕಿ ಬಿಹಾರದ ನಂತರದ ಸ್ಥಾನ ಜಾರ್ಖಂಡಿನದ್ದು. ಅಲ್ಲಿನ ಶೇ. 28.81ರಷ್ಟು ಜನರು ಬಡವರು. ಕಾಲಡಿಯಲ್ಲಿ ಸಂಪತ್ತಿದ್ದೂ ಕೈ ಬರಿದಾಗಿರುವುದೇಕೆ?

ಅದಿರು ಎಲ್ಲಿರಬೇಕೆಂಬುದು ಮನುಷ್ಯನ ತೀರ್ಮಾನವಲ್ಲ. ಆದರೆ ಅದರಿಂದ ಹುಟ್ಟುವ ಸಂಪತ್ತು ಯಾರ ಮನೆ ಸೇರಬೇಕೆಂಬುದು ಮನುಷ್ಯನದ್ದೇ ತೀರ್ಮಾನ. ನಾವು ಇಂದು ನಿಮ್ಮ ಮುಂದಿಡಬಯಸುವ ಮಾತು ಇಷ್ಟೇ.

ಮೊದಲು ಉಕ್ಕಿನ ಇತಿಹಾಸವನ್ನು ನೋಡೋಣ. 1907ರಲ್ಲಿ ಸ್ಥಾಪನೆಯಾದ ಟಾಟಾ ಉಕ್ಕಿನ ಕಂಪೆನಿ ತನ್ನ ಕಾರ್ಖಾನೆಗಾಗಿ ಮುಂಬೈಯನ್ನಾಗಲಿ ಕಲ್ಕತ್ತೆಯನ್ನಾಗಲಿ ಆರಿಸಿಕೊಳ್ಳಲಿಲ್ಲ. ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಸೇರುವಲ್ಲಿದ್ದ ಸಾಕ್ಚಿ ಎಂಬ ಹಳ್ಳಿಯನ್ನು ಆರಿಸಿತು. ಅದೇ ಇಂದಿನ ಜಮ್‌ಶೇಡ್‌ಪುರ. ಕಾರಣ ಸರಳ. ಅದಿರು ಮಯೂರ್‌ಭಂಜ್‌ನಿಂದ ಬರಬೇಕಿತ್ತು, ಕಲ್ಲಿದ್ದಲು ಝರಿಯಾದಿಂದ ಬರಬೇಕಿತ್ತು. ಒಂದು ಟನ್ ಉಕ್ಕಿಗೆ ಹಲವು ಟನ್ ಕಚ್ಚಾವಸ್ತು ಬೇಕಾಗಿದ್ದ ಕಾಲದಲ್ಲಿ, ಕಚ್ಚಾವಸ್ತುವನ್ನು ದೂರ ಸಾಗಿಸುವುದಕ್ಕಿಂತ ಕಾರ್ಖಾನೆಯನ್ನೇ ಅದರ ಬಳಿಗೆ ಒಯ್ಯುವುದು ಲಾಭಕರವಾಗಿತ್ತು. ಸ್ವಾತಂತ್ರ್ಯಾನಂತರ ರೂರ್ಕೆಲಾ, ಭಿಲಾಯಿ, ದುರ್ಗಾಪುರ, ಬೊಕಾರೊಗಳಲ್ಲಿ ಉಕ್ಕಿನ ಸ್ಥಾವರಗಳು ತಲೆಯೆತ್ತಿದ್ದೂ ಇದೇ ತರ್ಕದಿಂದ.

ಈ ತರ್ಕ ಹಾಗೆಯೇ ಮುಂದುವರಿದಿದ್ದರೆ, ಉಕ್ಕನ್ನು ಬಳಸುವ ಯಂತ್ರ ಮತ್ತು ವಾಹನ ಕೈಗಾರಿಕೆಗಳೂ ಕ್ರಮೇಣ ಪೂರ್ವ ಭಾರತದತ್ತ ಸಾಗಬಹುದಿತ್ತು. ಆದರೆ 1950ರ ದಶಕದಲ್ಲಿ ಕೇಂದ್ರ ಸರಕಾರವು ಸಾಗಣೆ ವೆಚ್ಚ ಸಮೀಕರಣ ನೀತಿಯನ್ನು ಜಾರಿಗೊಳಿಸಿತು. ಉಕ್ಕಿನ ರೈಲು ಸಾಗಣೆಯ ಹೊರೆಯನ್ನು ಎಲ್ಲ ಖರೀದಿದಾರರ ಮೇಲೂ ಸಮನಾಗಿ ಹಂಚಿ, ದೇಶದಾದ್ಯಂತ ಒಂದೇ ದರ ನಿಗದಿಪಡಿಸಲಾಯಿತು. ಸ್ಥಾವರದ ಪಕ್ಕದಲ್ಲಿದ್ದವನಿಗೂ ಸಾವಿರ ಮೈಲಿ ದೂರದ ಮುಂಬೈಯವನಿಗೂ ಒಂದೇ ಬೆಲೆ! ಉದ್ದೇಶ ಒಳ್ಳೆಯದೇ ಆಗಿತ್ತು: ಕೈಗಾರಿಕೆಗಳು ಎಲ್ಲ ರಾಜ್ಯಗಳಿಗೂ ಹರಡಬೇಕು. ಪರಿಣಾಮ ಮಾತ್ರ ಏಕಮುಖವಾಯಿತು. ಗಣಿಯ ಪಕ್ಕದಲ್ಲಿರುವ ಪ್ರಯೋಜನವೇ ಇಲ್ಲವಾದಾಗ ಉದ್ಯಮಿಗಳು ಬಂದರು, ಬ್ಯಾಂಕು ಮತ್ತು ಮಾರುಕಟ್ಟೆಗಳಿದ್ದ ಪಶ್ಚಿಮ ಮತ್ತು ದಕ್ಷಿಣದ ನಗರಗಳನ್ನೇ ಆಯ್ದುಕೊಂಡರು. ಪೂರ್ವದ ಉಕ್ಕಿಗೆ ದೊರೆತ ಈ ಸಮಾನತೆ ಪಶ್ಚಿಮದ ಹತ್ತಿಗೆ ಅನ್ವಯವಾಗಲಿಲ್ಲ. ಇದು ಎಷ್ಟರಮಟ್ಟಿಗೆ ನ್ಯಾಯ? ಈ ನೀತಿಯ ಲಾಭ ಪಡೆದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಇತ್ತೆಂಬುದನ್ನು ಮರೆಯಬಾರದು. 1990ರ ದಶಕದ ಆರಂಭದಲ್ಲಿ ನೀತಿ ರದ್ದಾಯಿತು. ಆದರೆ ಒಮ್ಮೆ ಬೇರೂರಿದ ಕೈಗಾರಿಕೆ ಎದ್ದು ಮರಳಿ ಹೋಗುವುದಿಲ್ಲ.

ಹಾಗಾದರೆ ಗಣಿಯ ನೆಲದವರಿಗೆ ದಕ್ಕುವುದೇನು? ರಾಜಧನ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಮನೆ, ಹೊಲ ಕಳಕೊಂಡವನಿಗೆ ಧೂಳು ಉಳಿಯುತ್ತದೆ. ಝರಿಯಾದಲ್ಲಿ 1916ರಲ್ಲಿ ಪತ್ತೆಯಾದ ಕಲ್ಲಿದ್ದಲಿನ ಬೆಂಕಿ ಒಂದು ಶತಮಾನ ಕಳೆದರೂ ಪೂರ್ತಿ ಆರಿಲ್ಲ. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ರಚಿಸಲಾಯಿತು. ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನೂ ಹರಾಜಿನಲ್ಲಿ ಗಣಿ ಪಡೆದವರು ಶೇ. 10ರಷ್ಟನ್ನೂ ಇದಕ್ಕೆ ಹೆಚ್ಚುವರಿಯಾಗಿ ನೀಡಬೇಕು. ಈ ಹಣ ಗಣಿಪೀಡಿತ ಜನರ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಮೀಸಲು. 2024ರ ಜುಲೈ 25ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 8-1ರ ಬಹುಮತದಿಂದ, ರಾಜಧನವು ತೆರಿಗೆಯಲ್ಲ, ಖನಿಜ ಹಕ್ಕುಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು ತೀರ್ಪಿತ್ತಿತು. ಇವೆಲ್ಲ ಸ್ವಾಗತಾರ್ಹ. ಆದರೆ ಹಣ ಬಂದರಷ್ಟೇ ಸಾಲದು. ಅದು ಎಲ್ಲಿ ಖರ್ಚಾಯಿತೆಂದು ಕೇಳುವ ಜನರೂ ಬೇಕು. ಬಳ್ಳಾರಿ, ಚಿತ್ರದುರ್ಗಗಳಂತಹ ನಮ್ಮದೇ ಗಣಿ ಜಿಲ್ಲೆಗಳಲ್ಲಿ ಈ ಪ್ರಶ್ನೆಯನ್ನು ಕೇಳುವವರು ಎಷ್ಟು ಮಂದಿ?

ಗಣಿ ಮುಗಿದ ಮೇಲೆ ಏನಾಗುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದರ ನಂತರ, 1905ರಲ್ಲಿ. ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ಕೊಟ್ಟ ಆ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅಲ್ಲಿ ಉಳಿದದ್ದು ಸಯನೈಡ್ ದಿಬ್ಬಗಳು, ಮತ್ತು ನಸುಕಿನಲ್ಲೆದ್ದು ದುಡಿಮೆಗಾಗಿ ಬೆಂಗಳೂರಿನ ರೈಲು ಹತ್ತುವ ಸಾವಿರಾರು ಮಂದಿ. ಚಿನ್ನ ಹೊರಗೆ ಹೋಯಿತು. ಚಿನ್ನದ ಜೊತೆ ಬೆಳೆಯಬೇಕಿದ್ದ ಇತರ ಉದ್ಯಮಗಳು ಆ ಊರಿನಲ್ಲಿ ಸಾಕಷ್ಟು ಬೆಳೆಯಲಿಲ್ಲ.

ಇದಕ್ಕೆ ವ್ಯತಿರಿಕ್ತ ಉದಾಹರಣೆಗಳೂ ಇವೆ. ಸೂರತ್‌ನಲ್ಲಿ ವಜ್ರದ ಗಣಿಯಿಲ್ಲ. ಆದರೂ ಆಫ್ರಿಕಾ ಮತ್ತು ರಷ್ಯಾಗಳಲ್ಲಿ ಅಗೆದ ವಜ್ರಗಳು ಹೊಳಪು ಪಡೆಯಲು ಸೂರತ್‌ಗೇ ಬರುತ್ತವೆ. ಬೀದರಿನ ಬಿದರಿ ಕಲೆಯನ್ನು ನೋಡಿ. ದೇಶದ ಸತುವಿನ ಗಣಿಗಳಿರುವುದು ಮುಖ್ಯವಾಗಿ ರಾಜಸ್ಥಾನದಲ್ಲಿ. ತಾಮ್ರ, ಬೆಳ್ಳಿಗಳೂ ಹೊರಗಿನವೇ. ಬೀದರಿನದ್ದೆಂದರೆ ಲೋಹಕ್ಕೆ ಕಪ್ಪು ಬಣ್ಣ ಕೊಡುವ ಕೋಟೆಯ ಒಂದು ಹಿಡಿ ಮಣ್ಣು ಮತ್ತು ಕುಶಲಕರ್ಮಿಯ ಕೈ. ಅಷ್ಟರಿಂದಲೇ ಊರಿನ ಹೆಸರು ಜಗತ್ತಿನಾದ್ಯಂತ ಹಬ್ಬಿತು. ನೆಲ ಕೊಡದ್ದನ್ನು ಕೌಶಲ ಕೊಡಬಲ್ಲದು ಎಂಬುದಕ್ಕೆ ಇನ್ನೇನು ಸಾಕ್ಷ್ಯ ಬೇಕು?

ಆದರೆ ಕೌಶಲವೂ ಅರ್ಧದಾರಿಯಲ್ಲಿ ನಿಂತರೆ ಅದಿರಿನ ಗತಿಯೇ ಅದಕ್ಕೂ ಬರುತ್ತದೆ. ರಾಮನಗರದಲ್ಲಿ ರೇಷ್ಮೆ ಗೂಡು ಬಿಚ್ಚಾಣಿಕೆ ಮಾಡುವವರಲ್ಲಿ ನಮ್ಮ ಸಮುದಾಯದ ಕುಟುಂಬಗಳು ಬಹಳಷ್ಟಿವೆ. ಬಿಸಿನೀರಿನಲ್ಲಿ ಕೈಯದ್ದಿ, ಹೊಗೆ ಕುಡಿದು ಅವರು ತೆಗೆದ ನೂಲು ಕಾಂಚೀಪುರಕ್ಕೂ ವಾರಾಣಸಿಗೂ ಹೋಗುತ್ತದೆ. ಸೀರೆಯ ಮೇಲೆ ಬೀಳುವ ಹೆಸರು ಆ ಊರುಗಳದ್ದು. ಹೆಚ್ಚಿನ ಬೆಲೆಯೂ ಅಲ್ಲಿಯೇ ಸೇರಿಕೊಳ್ಳುತ್ತದೆ. ಜಾರ್ಖಂಡ್ ಅದಿರನ್ನು ಕಳುಹಿಸುತ್ತದೆ, ರಾಮನಗರ ನೂಲನ್ನು ಕಳುಹಿಸುತ್ತದೆ. ವ್ಯತ್ಯಾಸವೇನು?

ಮಾನ್ಯರೇ, ಸಂಪತ್ತು ಬೆಳೆಯುವುದು ಕೊನೆಯ ಮೆಟ್ಟಿಲುಗಳಲ್ಲಿ: ನೇಯ್ಗೆ, ವಿನ್ಯಾಸ, ಮಾರಾಟ, ಲೆಕ್ಕಪತ್ರ. ನಮ್ಮ ಮಕ್ಕಳಲ್ಲಿ ಅನೇಕರು ಮೊದಲ ಮೆಟ್ಟಿಲಲ್ಲೇ ಶಾಲೆ ಬಿಟ್ಟು ಕೂಲಿಗಿಳಿಯುತ್ತಾರೆ. ಅವರ ಕೈಯ ಕಸುಬನ್ನು ಬಿಡಿಸಬೇಕೆಂದು ನಾವು ಹೇಳುತ್ತಿಲ್ಲ. ಆ ಕಸುಬಿನ ಜೊತೆಗೆ ಜವಳಿ ಡಿಪ್ಲೊಮಾ, ವಾಣಿಜ್ಯ ಪದವಿ ಸೇರಲಿ. ಹತ್ತು ಮನೆಗಳು ಸೇರಿ ಒಂದು ಸಹಕಾರ ಸಂಘವಾಗಲಿ ಎನ್ನುತ್ತಿದ್ದೇವೆ. ಸರಕಾರವನ್ನು ಪ್ರಶ್ನಿಸುವುದು ನಮ್ಮ ಹಕ್ಕು. ನಮ್ಮ ಊರಿನಿಂದ ಹೊರಗೆ ಹೋಗುವ ಸರಕು ಯಾವ ರೂಪದಲ್ಲಿ ಹೋಗುತ್ತಿದೆ, ಎಷ್ಟಕ್ಕೆ ಹೋಗುತ್ತಿದೆ, ಮುಂದೆ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂದು ಲೆಕ್ಕ ಹಾಕುವುದು ನಮ್ಮ ಹೊಣೆ. ಆ ಲೆಕ್ಕ ಈ ವಾರವೇ ನಮ್ಮ ಮನೆಗಳಲ್ಲಿ ಆರಂಭವಾಗಲಿ.