ನಾಟಕದ ಸಾಲಿಗೆ ಹೋದ ತಮ್ಮ



ಹತ್ತನೆಯ ತರಗತಿ ಮುಗಿದ ಮೇಲೆ ಏನು ಓದಬೇಕೆಂದು ಮಕ್ಕಳಿಗೆ ಹೇಳು ಎಂದು ಮುಖ್ಯಗುರುಗಳು ನನ್ನನ್ನು ಕರೆದಿದ್ದಾರೆ. ಬಿ.ಇ. ಬಗ್ಗೆ ಹೇಳುವವರು ಈಗ ಓಣಿಗೊಬ್ಬರು ಸಿಗುತ್ತಾರೆ. ಹಾಗಾಗಿ ನಾನು ಓದದ ವಿದ್ಯೆಯೊಂದರ ಬಗ್ಗೆ ಮಾತಾಡುತ್ತೇನೆ. ಅದು ನಾಟಕ.

ನಾಟಕ ನಮ್ಮ ಸೀಮೆಗೆ ಹೊಸದಲ್ಲ. 'ರಕ್ತರಾತ್ರಿ' ಬರೆದ ಕಂದಗಲ್ಲ ಹನುಮಂತರಾಯರು ಇಲ್ಲೇ ಹತ್ತಿರದ ಕಂದಗಲ್ಲಿನವರು. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕಿದರೆ ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡುವ ಜನ ನಾವು. ನಾನೂ ಒಂಬತ್ತನೆಯ ತರಗತಿಯ ಗ್ಯಾದರಿಂಗ್‌ನಲ್ಲಿ ಸೈನಿಕನಾಗಿದ್ದೆ. ಇದ್ದದ್ದು ಒಂದೇ ಮಾತು, ಅದನ್ನೂ ಮರೆತೆ. ಆದರೆ ಮನೆಯ ಹುಡುಗ ನಾಟಕವನ್ನೇ ಓದುತ್ತೇನೆ ಅಂದರೆ ನಾವೇ ಬಾಗಿಲು ಹಾಕುತ್ತೇವೆ. ನಾನೂ ಹಾಕಿದವನೇ.

ನಮ್ಮ ಕಾಕಾನ ಮಗ ಬಿ.ಎ. ಮುಗಿಸಿದ್ದ. ಕಾಕಾ ನೇಕಾರರು. ಒಂದು ದಿನ ಬೆಂಗಳೂರಿಗೆ ಫೋನ್ ಮಾಡಿ, "ಇಂವಾ ಹೆಗ್ಗೋಡಿಗೆ ಹೋಗಿ ನಾಟಕದ ಸಾಲಿ ಕಲೀತೀನಂತಾನ. ನೀ ಓದಿದಾಂವ, ಸ್ವಲ್ಪ ಬುದ್ಧಿ ಹೇಳಪಾ" ಅಂದರು. ನಾನು ಹೆಗ್ಗೋಡು ಎಲ್ಲಿದೆ ಎಂದೂ ಕೇಳಲಿಲ್ಲ. "ಇಲ್ಲಿಗೆ ಕಳಸ್ರಿ, ಟೆಸ್ಟಿಂಗ್ ಕೋರ್ಸ್ ಮಾಡಸ್ತೀನಿ" ಅಂದೆ.

ಒಂದು ವರ್ಷ ನನ್ನ ರೂಮಿನಲ್ಲಿದ್ದ. ದಿನಾ ರಾತ್ರಿ ನಾನು ಇಂಟರ್‌ವ್ಯೂ ತೆಗೆದುಕೊಳ್ಳುವವನಂತೆ ಕೂತು ಪ್ರಶ್ನೆ ಕೇಳುತ್ತಿದ್ದೆ, ಅವನು ಬಾಯಿಪಾಠ ಒಪ್ಪಿಸುತ್ತಿದ್ದ. ಹನ್ನೊಂದು ಕಡೆ ಹೋಗಿ ಬಂದ. ಕೊನೆಕೊನೆಗೆ ಮಾತೇ ಕಡಿಮೆಯಾಯಿತು. ಊಟಕ್ಕೆ ಕರೆದರೆ "ಹೂಂ ಅಣ್ಣಾ", ಬೈದರೂ "ಹೂಂ ಅಣ್ಣಾ". ಊರಲ್ಲಿ ಇಡೀ ಓಣಿಯವರ ದನಿ ತೆಗೆದು ನಗಿಸುತ್ತಿದ್ದ ಹುಡುಗ ಅವನು. ಅವನ ಒಂದು ವರ್ಷ ಹಾಳು ಮಾಡಿದವನು ನಾನು. ಅದನ್ನು ಅವನಿಗೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಮರುವರ್ಷ ಅರ್ಜಿ ಹಾಕುವ ಮೊದಲು ಒಮ್ಮೆ ನೋಡಿ ಬರೋಣವೆಂದು ಮೂವರೂ ಹೊರಟೆವು. ಕಾಕಾನ ತಕರಾರು ಬಸ್ಸಿನಲ್ಲೂ ನಿಂತಿರಲಿಲ್ಲ. "ಕಂಪನಿಯವರು ಯಾವ ಸಾಲಿಗೆ ಹೋಗಿದ್ರು?" ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ. ಕಂಪನಿಯೇ ಅವರ ಸಾಲಿಯಾಗಿತ್ತು. ಡಾ. ರಾಜಕುಮಾರ್ ಹುಡುಗನಾಗಿದ್ದಾಗಲೇ ತಂದೆಯ ಜೊತೆ ಗುಬ್ಬಿ ಕಂಪನಿಯಲ್ಲಿದ್ದರು. ಪರದೆಯ ಸಂದಿಯಲ್ಲಿ ನಿಂತು ಹಿರಿಯರ ಪಾತ್ರ ನೋಡಿ ನೋಡಿಯೇ ಅಲ್ಲಿನವರು ಕಲಿತರು. ಕಂಪನಿಗಳು ಕಡಿಮೆಯಾದ ಮೇಲೆ ಹುಡುಗರು ಎಲ್ಲಿ ನಿಂತು ನೋಡಬೇಕು?

ಹೆಗ್ಗೋಡು ಸಾಗರದ ಹತ್ತಿರದ ಸಣ್ಣ ಹಳ್ಳಿ, ಸುತ್ತ ಅಡಿಕೆ ತೋಟ. ಅಲ್ಲಿ ಕೆ.ವಿ. ಸುಬ್ಬಣ್ಣನವರು ಮತ್ತು ಗೆಳೆಯರು 1949ರಲ್ಲಿ ನೀನಾಸಮ್ ಕಟ್ಟಿದರು, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. ಒಂದು ವರ್ಷ ಅಲ್ಲೇ ಉಳಿದು ಕಲಿಯಬೇಕು. 1985ರಿಂದ ಅವರ 'ತಿರುಗಾಟ' ತಂಡ ಊರೂರಿಗೆ ನಾಟಕ ಒಯ್ಯುತ್ತಿದೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಾವು ಹೋದಾಗ ಹುಡುಗರ ಒಂದು ಗುಂಪು ಹಲಗೆ ಕೊಯ್ಯುತ್ತಿತ್ತು. ಒಳಗೆ ಒಬ್ಬ ಹುಡುಗಿ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಮೇಷ್ಟ್ರು ನಿಲ್ಲಿಸುತ್ತಿದ್ದರು, ಉಸಿರು ಎಲ್ಲಿ ತೆಗೆದುಕೊಂಡೆ ಎಂದು ಕೇಳುತ್ತಿದ್ದರು, ಮತ್ತೆ ಮೊದಲಿನಿಂದ. ನನಗೆ ಹತ್ತು ನಿಮಿಷಕ್ಕೆ ಬೇಸರ ಬಂತು. ಕಾಕಾ ಮಾತ್ರ ಕದಲಲಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವುದನ್ನು ಇಲ್ಲಿರುವ ಎಲ್ಲರೂ ನೋಡಿದ್ದೀರಿ. ಎಳೆಗೆ ಎಳೆ ಕೂಡಿಸಬೇಕು, ಒಂದು ತಪ್ಪಿದರೆ ಹಿಂದಕ್ಕೆ ಬರಬೇಕು. ಹೊರಗೆ ಬಂದ ಮೇಲೆ ಕಾಕಾ ಅಂದದ್ದು ಇಷ್ಟೇ: "ಇದು ಹುಚ್ಚಲ್ಲ ಬಿಡು, ಕೆಲಸಾನ ಐತಿ."

ತಂದೆ-ತಾಯಂದಿರಿಗೆ ಸುಳ್ಳು ಆಸೆ ತೋರಿಸಲಾರೆ. ಮುಂದೆ ಓದಬೇಕೆಂದರೆ ದೆಹಲಿಯಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ನಾಟಕ ಶಾಲೆ ಇದೆ, ಮೂರು ವರ್ಷದ ಓದು. ಬಿ.ವಿ. ಕಾರಂತರು ಅಲ್ಲಿಯೇ ಕಲಿತು, ಅಲ್ಲಿಯೇ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಈಗ ಧಾರವಾಡದಲ್ಲೂ ರಂಗಾಯಣವಿದೆ. ಆದರೆ ತಿಂಗಳ ಪಗಾರದ ಜಾಗಗಳು ಬಹಳ ಕಡಿಮೆ. ನನ್ನ ತಮ್ಮ ಓದು ಮುಗಿಸಿ ತಂಡದ ಜೊತೆ ಊರೂರು ಸುತ್ತಿದ, ಈಗ ಸಾಲಿಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾನೆ. ಕೆಲವು ತಿಂಗಳು ಕೈತುಂಬ ಕೆಲಸ, ಕೆಲವು ತಿಂಗಳು ಖಾಲಿ. ಕನ್ಯೆ ನೋಡಲು ಹೋದಲ್ಲಿ "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿದರು. "ನಾಟಕ" ಅಂದೆವು. "ಅದು ಇರ್ಲಿರಿ, ಉದ್ಯೋಗ?" ಅಂದರು! ಕಾಕಾ ಈಗಲೂ ನನ್ನನ್ನು ಪಕ್ಕಕ್ಕೆ ಕರೆದು, "ಅವಂದು ನಡೀತದಲ್ಲಾ?" ಎಂದು ಮೆಲ್ಲಗೆ ಕೇಳುತ್ತಾರೆ. ನಡೆಯುತ್ತದೆ ಅನ್ನುತ್ತೇನೆ. ಎರಡು ಸಲ ಅವನಿಗೆ ನಾನು ದುಡ್ಡು ಕಳಿಸಿದ್ದನ್ನು ಹೇಳುವುದಿಲ್ಲ. ಒಂದು ಸಲದ್ದನ್ನು ಅವನು ವಾಪಸ್ ಕೊಟ್ಟಿದ್ದಾನೆ.

ಇವತ್ತು ರಾತ್ರಿ ಇದೇ ವೇದಿಕೆಯಲ್ಲಿ ನಿಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಆಡುವ ನಾಟಕ ಕಲಿಸಿದವನು ಅವನೇ. ಆರೂವರೆಗೆ ದೀಪ ಕಟ್ಟಬೇಕು, ಅಷ್ಟರೊಳಗೆ ಭಾಷಣ ಮುಗಿಸು ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾನೆ. ಆಗಲೇ ಪರದೆಯ ಹಿಂದಿನಿಂದ ಕೈ ಮಾಡುತ್ತಿದ್ದಾನೆ. ಇಳಿಯುತ್ತೇನೆ.