ಪ್ರಶ್ನೆಯಿಂದ ಪಾಠ

ವ್ಯಾಕರಣದ ತಾಸು ಬಂತೆಂದರೆ ಹುಡುಗರ ಮೋರೆ ಬಾಡುವದು ಹೊಸ ಸಂಗತಿಯಲ್ಲ. ಸೂತ್ರ ಮೊದಲು, ಉದಾಹರಣೆ ಆಮೇಲೆ, ಬಾಯಿಪಾಠ ಕೊನೆಗೆ. ಇದು ನಮ್ಮಲ್ಲಿ ನಡೆದುಬಂದ ಕ್ರಮ. ಈಗ ಶಿಕ್ಷಣಶಾಸ್ತ್ರವನ್ನು ಬಲ್ಲವರು ಅನ್ವೇಷಣಾ ಪದ್ಧತಿಯ ಮಾತನ್ನು ಆಡುತ್ತಾರೆ. ಮಗು ಪ್ರಶ್ನೆ ಕೇಳಬೇಕು, ಸಾಮಗ್ರಿ ಕೂಡಿಸಬೇಕು, ಊಹೆ ಮಾಡಬೇಕು, ಆ ಊಹೆಯನ್ನು ತಾನೇ ಒರೆಗೆ ಹಚ್ಚಬೇಕು; ಗುರುವು ಉತ್ತರ ಹೇಳಲು ಅವಸರಿಸಬಾರದು. ಇಷ್ಟೇ ಅದರ ತಿರುಳು. ಅಮೆರಿಕದ ಜಾನ್ ಡ್ಯೂಯಿ ಎಂಬ ತತ್ತ್ವಜ್ಞನು 1910ರಷ್ಟು ಹಿಂದೆಯೇ, ಆಲೋಚನೆಯು ಸಂದೇಹದಿಂದ ಮೊದಲಾಗುವದೆಂದು ಬರೆದನು. ನಮ್ಮ ದೇಶದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ತಿಳಿವನ್ನು ಮಗು ತಾನೇ ಕಟ್ಟಿಕೊಳ್ಳಬೇಕೆಂದಿತು.

ಆದರೆ ಇದು ವಿಜ್ಞಾನದವರ ಸೊತ್ತು, ಭಾಷೆಯ ಪಾಠಕ್ಕೆ ಸಲ್ಲದು ಎಂಬ ಭಾವನೆ ಬಹಳ ಮಂದಿಯಲ್ಲಿದೆ. ಹುಬ್ಬಳ್ಳಿಯ ನಮ್ಮ ವಿದ್ಯಾನಗರದಲ್ಲಿ ಕಾಲೇಜುಗಳಿಗೂ ಪ್ರಯೋಗಶಾಲೆಗಳಿಗೂ ಕೊರತೆಯಿಲ್ಲ. 1947ರಲ್ಲಿ ಮೊದಲಾದ ಇಲ್ಲಿಯ ಇಂಜಿನಿಯರಿಂಗ್ ಕಾಲೇಜು ಇಂದು ವಿಶ್ವವಿದ್ಯಾಲಯವೇ ಆಗಿದೆ. ಅಲ್ಲಿ ಗಾಜಿನ ನಳಿಗೆ, ಯಂತ್ರಗಳು ಬೇಕು. ಭಾಷೆಯ ಪ್ರಯೋಗಕ್ಕೆ ಬೇಕಾದದ್ದಾದರೋ ಮಕ್ಕಳ ನಾಲಗೆಯ ಮೇಲೆಯೇ ಇದೆ.

ಒಂದು ಪಾಠವನ್ನು ಎತ್ತಿಕೊಳ್ಳೋಣ. ಆದೇಶಸಂಧಿಯನ್ನು ಕಲಿಸಬೇಕಾಗಿದೆ. ಸೂತ್ರ ಹೇಳುವದು ಬೇಡ. ಕರಿಹಲಗೆಯ ಮೇಲೆ ಮೂರು ಜೋಡಿ ಬರೆದು ಸುಮ್ಮನೆ ನಿಲ್ಲಿರಿ: ಹಾವು, ಹೆಬ್ಬಾವು, ಹುಲಿ, ಹೆಬ್ಬುಲಿ, ಹನಿ, ಕಂಬನಿ. ಸ್ವಲ್ಪ ಹೊತ್ತಿಗೆ ಒಂದು ಮಗು ಕೇಳಿಯೇ ಕೇಳುವದು: "ಸರ್, ಹಾವಿನ ಹಕಾರ ಎಲ್ಲಿ ಹೋತು? ಬಕಾರ ಎಲ್ಲಿಂದ ಬಂತು?" ಮೂರೂ ಕಡೆ ಹಾಗೆಯೇ ಆಗಿದೆಯೆಂದು ಇನ್ನೊಂದು ಮಗು ತೋರಿಸುವದು. ಇಲ್ಲಿಗೆ ಪ್ರಶ್ನೆ ಮಕ್ಕಳದಾಯಿತು.

ಈಗ ಸಾಕ್ಷಿ ಬೇಕು. ಪಠ್ಯದ ಹಳಗನ್ನಡ ಪದ್ಯಗಳಲ್ಲಿ ಈ ಮಾತುಗಳನ್ನು ಹುಡುಕಹಚ್ಚಿರಿ. ಅಲ್ಲಿ ಪಾವು, ಪುಲಿ, ಪನಿ ಎಂಬ ರೂಪಗಳು ದೊರೆಯುತ್ತವೆ. ಹುಬ್ಬಳ್ಳಿ ರೈಲ್ವೆಯ ಊರು. 19ನೆಯ ಶತಮಾನದ ಕೊನೆಯ ಭಾಗದಿಂದ ಇಲ್ಲಿ ರೈಲ್ವೆ ಕಾರಖಾನೆಯಿದೆ, 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇದೆ. ಆದುದರಿಂದ ಇಲ್ಲಿಯ ತರಗತಿಗಳಲ್ಲಿ ಮನೆಮಾತು ತೆಲುಗೋ ತಮಿಳೋ ಆಗಿರುವ ಮಕ್ಕಳು ಕುಳಿತಿರುವದುಂಟು. ಕನ್ನಡದ ತಾಸಿನಲ್ಲಿ ಬಾಯಿ ಬಿಡಲು ಅಂಜುವ ಆ ಮಕ್ಕಳನ್ನು ಕೇಳಿರಿ. ತೆಲುಗಿನ ಮಗು ಪಾಮು, ಪುಲಿ ಎನ್ನುವದು. ತಮಿಳಿನ ಮಗು ಪಾಂಬು, ಪುಲಿ ಎನ್ನುವದು. ಹಿಂದಿನ ಬೆಂಚಿನ ಆ ಮಗುವೇ ಇಂದು ಮುಖ್ಯ ಸಾಕ್ಷಿ! ಈ ಒಂದು ಲಾಭಕ್ಕಾಗಿಯಾದರೂ ಪದ್ಧತಿಯನ್ನು ಆದರಿಸಬೇಕೆಂದು ನನ್ನ ಮತ.

ಸಾಕ್ಷಿಗಳು ಕೂಡಿದ ಮೇಲೆ ಸೂತ್ರವನ್ನು ಮಕ್ಕಳೇ ಹೇಳುತ್ತಾರೆ. ಮೊದಲಿಗೆ ಇದ್ದದ್ದು ಪಕಾರ. ಸಮಾಸದ ಉತ್ತರಪದದಲ್ಲಿ ಅದು ಬಕಾರವಾಗಿ ಉಳಿಯಿತು. ಪದ ಒಂಟಿಯಾಗಿದ್ದಾಗ ಮೊದಲ ಪಕಾರವು ಮುಂದಿನ ಕಾಲದಲ್ಲಿ ಹಕಾರವಾಯಿತು. ಮಳೆಗಾಲದ ಗಕಾರ, ಕೆಂದಾವರೆಯ ದಕಾರಗಳೂ ಇದೇ ಕುಟುಂಬಕ್ಕೆ ಸೇರಿದವು.

ಇಲ್ಲಿಗೆ ನಿಲ್ಲಿಸಿದರೆ ಪಾಠ ಅರ್ಧವಾದಂತೆ. ಊಹೆಗೆ ವಿರೋಧವಾದ ಮಾತುಗಳನ್ನು ತರಲು ಹೇಳಬೇಕು. ಪುಸ್ತಕವೇಕೆ ಹುಸ್ತಕವಾಗಲಿಲ್ಲ? ಅದು ಸಂಸ್ಕೃತದಿಂದ ಬಂದದ್ದು ಎಂದು ಒಬ್ಬನು ಹೇಳಿದರೆ, ಸಂಸ್ಕೃತದ ಪರ್ವ ಹಬ್ಬವಾಯಿತಲ್ಲ ಎಂದು ಇನ್ನೊಬ್ಬಳು ತಡೆಯುವಳು. ತತ್ಸಮ ತದ್ಭವಗಳ ಭೇದ ಆಗ ತಾನೇ ಬೆಳಕಿಗೆ ಬರುವದು. ಪಡೆ ಎಂಬ ಅಚ್ಚಗನ್ನಡ ಧಾತುವು ಪಕಾರವನ್ನೇ ಉಳಿಸಿಕೊಂಡಿದೆ. ಮಳೆಗಾಲ, ಚಳಿಗಾಲಗಳ ನಡುವೆ ಬೇಸಿಗೆಕಾಲ ಕಕಾರವನ್ನು ಬಿಟ್ಟಿಲ್ಲ. ಸೂತ್ರಕ್ಕೆ 'ಬಹುಮಟ್ಟಿಗೆ' ಎಂಬ ಮಾತು ಸೇರುವದು. ಅಪವಾದವನ್ನು ಮುಚ್ಚಿಡದೆ ಬರೆದಿಟ್ಟುಕೊಳ್ಳುವದೇ ಶಾಸ್ತ್ರದ ಸಂಸ್ಕಾರ.

ಕೊನೆಗೆ ನಮ್ಮ ಊರಿನ ಹೆಸರನ್ನೇ ಮುಂದಿಡಿರಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಅದು ಹುಬ್ಬಳ್ಳಿಯೇ. ಹೂವಿನ ಬಳ್ಳಿಯೇ ಹುಬ್ಬಳ್ಳಿ ಎಂಬುದು ಜನರ ಬಾಯಿಮಾತು. ಹಳೆಯ ಹೆಸರು ಪುರ್ಬಳ್ಳಿ ಎಂದು ಇತಿಹಾಸ ಬರೆಯುವವರು ಹೇಳುತ್ತಾರೆ. ಹೂವಿಗೆ ಬಳ್ಳಿ ಸೇರಿದರೆ ಹೂಬಳ್ಳಿಯಾಗಬೇಕಿತ್ತು. ಪರ್ಬ ಹಬ್ಬವಾದಂತೆ ಪುರ್ಬಳ್ಳಿ ಹುಬ್ಬಳ್ಳಿಯಾಗಬಹುದು. ಪಳ್ಳಿಯು ಬಳ್ಳಿಯಾದದ್ದು ಆದೇಶದಿಂದ. ಮಕ್ಕಳು ಇಷ್ಟನ್ನು ತರ್ಕಿಸಬಲ್ಲರು. ಇದು ಸಾಕ್ಷಿ, ತೀರ್ಪಲ್ಲ; ತೀರ್ಪಿಗೆ ಶಾಸನ ನೋಡಬೇಕೆಂಬುದನ್ನು ಗುರುವು ತಿಳಿಸಬೇಕು.

ಪಾಠ ಮುಗಿಯುವದು ಹೇಗೆ, ಪರೀಕ್ಷೆ ತಲೆಯ ಮೇಲೆ ಇದೆಯಲ್ಲ ಎಂದು ನೀವು ಕೇಳಬಹುದು. ಕೇಳತಕ್ಕ ಮಾತೇ. ಹತ್ತು ನಿಮಿಷದ ಸೂತ್ರಕ್ಕೆ ಎರಡು ತಾಸು ಹಿಡಿಯುವದು. ಎಲ್ಲ ಪಾಠವೂ ಹೀಗೆ ನಡೆಯಲಾರದು, ನಡೆಯಲೂ ಬೇಕಿಲ್ಲ. ಕಾಗುಣಿತ, ಮಗ್ಗಿ, ಒಳ್ಳೆಯ ಪದ್ಯಗಳು ಬಾಯಿಪಾಠವೇ ಆಗಬೇಕು; ಹಳೆಯ ಮಾತುಗಳ ಸಂಗ್ರಹವಿಲ್ಲದ ಮಗು ಊಹಿಸುವದು ಯಾವದರಿಂದ? ತಿಂಗಳಿಗೆ ಒಂದು ಪ್ರಶ್ನೆಯನ್ನಾದರೂ ಹೀಗೆ ಬಿಡಿಸಿದರೆ ಸಾಕು. ಉದಾಹರಣೆಗಳನ್ನು ಆಯ್ದು ಜೋಡಿಸುವ ಕೆಲಸ ಗುರುವಿನದೇ. ಸುಮ್ಮನಿರುವದು ಕೂಡ ಅವನ ಕೆಲಸವೇ.

ಇದು ನಮಗೆ ಹೊರಗಿನಿಂದ ಬಂದ ದಾರಿಯೂ ಅಲ್ಲ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನು ಆಧಾರವಾಗಿ ಕೊಟ್ಟನು. ಪ್ರಯೋಗ ನೋಡಿ ಸೂತ್ರ ಕಟ್ಟಿದವನ ಗ್ರಂಥವನ್ನು, ಪ್ರಯೋಗ ನೋಡದೆ ಉರು ಹೊಡೆಯುವದು ಅವನಿಗೆ ಸಲ್ಲಿಸುವ ಗೌರವವಲ್ಲ. ನಿಮ್ಮ ಮನೆಯ ಮಗು ಇಂದು ಸಂಜೆ "ಯಾಕ?" ಎಂದರೆ, ಉತ್ತರ ಗೊತ್ತಿದ್ದರೂ ಒಂದು ಗಳಿಗೆ ತಡೆದು, "ನಿನಗ ಏನ ಅನಸ್ತದ?" ಎಂದು ಕೇಳಿ ನೋಡಿರಿ.